ಬೆಳಗಿನ ಮೊದಲ ಮೂತ್ರದಿಂದ ಕೂಸಿನ ಒದ್ದೆ ಬಟ್ಟೆಯವರೆಗೆ: ಬಸುರಿ ಮನೆಯ ನೀರಿನ ಲೆಕ್ಕ

ನಮ್ಮ ಲ್ಯಾಬಿನ ಕಿಟಕಿಯ ಎದುರಿಗೆ ಒಂದು ಉದ್ದನೆ ಬೆಂಚಿದೆ. ಒಂದು ದಿನ ಹತ್ತೂವರೆ ಹೊತ್ತಿಗೆ ಅಲ್ಲಿ ಒಬ್ಬ ಹುಡುಗಿ, ಪಕ್ಕದಲ್ಲಿ ಅವಳ ಅತ್ತೆ ಕೂತಿದ್ದರು. ಮುಟ್ಟಿನ ದಿನ ದಾಟಿ ಎರಡು ದಿನವಾಗಿತ್ತು. ಟೆಸ್ಟಿಗೆ ಮೂತ್ರ ಕೊಡಬೇಕು, ಆದರೆ ಬರುತ್ತಿಲ್ಲ. ಅತ್ತೆ ಅಂಗಡಿಯಿಂದ ನೀರಿನ ಬಾಟಲಿ ತಂದು, "ಕುಡಿಯಮ್ಮ, ತಾನಾಗೇ ಬರುತ್ತೆ" ಅಂತ ಕುಡಿಸಿದರು. ಒಂದಲ್ಲ, ಎರಡು ಬಾಟಲಿ. ಮುಕ್ಕಾಲು ಗಂಟೆಗೆ ಬಂತು. ನಲ್ಲಿ ನೀರೋ ಮೂತ್ರವೋ ಗೊತ್ತಾಗದಷ್ಟು ತಿಳಿ. ಕಾರ್ಡಿನಲ್ಲಿ ಒಂದೇ ಗೆರೆ. ಹುಡುಗಿಯ ಮುಖ ಸಣ್ಣದಾಯಿತು.

"ಮೂರು ದಿನ ಬಿಟ್ಟು, ಬೆಳಗ್ಗೆ ಎದ್ದ ಕೂಡಲೇ ಹಿಡಿದದ್ದು ತನ್ನಿ" ಅಂದೆ. ತಂದರು. ಎರಡು ಗೆರೆ ಬಂತು.

ಮೂರು ದಿನದಲ್ಲಿ ಬಸುರಿಯಾದಳಾ? ಇಲ್ಲ. ಮೊದಲ ದಿನವೂ ಬಸುರಿಯೇ. ಆವತ್ತು ನಾವು ನೋಡಿದ್ದು ಅವಳ ಬಸಿರನ್ನಲ್ಲ, ಅವಳು ಕುಡಿದ ಎರಡು ಲೀಟರ್ ನೀರನ್ನು. ಲ್ಯಾಬಿನಲ್ಲಿ ವರ್ಷಗಟ್ಟಲೆ ಈ ಪುಟ್ಟ ಬಾಟಲಿಗಳ ಜೊತೆ ಕಳೆದ ಮೇಲೆ ನನಗೆ ಅನ್ನಿಸುವುದು ಇಷ್ಟು. ಬಸಿರಿನ ಒಂಬತ್ತು ತಿಂಗಳಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ಸುದ್ದಿ ಕೊಡುವುದು ಮೂತ್ರ. ಓದಲು ಬಂದರೆ ಸಾಕು. ಓದಲು ಬರಬೇಕಾದರೆ ಕಿಡ್ನಿ ಒಳಗೆ ಏನು ಮಾಡುತ್ತದೆ ಅನ್ನುವುದು ಸ್ವಲ್ಪ ಗೊತ್ತಿರಬೇಕು.

ಮೊದಲು ಕಿಡ್ನಿಯ ಕೆಲಸ ತಿಳಿಯಿರಿ

ನಮ್ಮ ಎರಡು ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಮನೆಗೆ ತರಿಸುವ 20 ಲೀಟರಿನ ನೀರಿನ ಕ್ಯಾನ್ ಇದೆಯಲ್ಲ, ಅಂಥವು ಒಂಬತ್ತು. ಮೈಯಲ್ಲಿ ಇರುವ ರಕ್ತವೇ ಐದು ಲೀಟರಿನ ಹತ್ತಿರ. ಅದರಲ್ಲಿ ನೀರಿನ ಭಾಗ ಮೂರು ಲೀಟರ್. ಅಂದರೆ ಅದೇ ಮೂರು ಲೀಟರನ್ನು ದಿನಕ್ಕೆ ಅರವತ್ತು ಸಲ ಜರಡಿ ಹಿಡಿದ ಹಾಗೆ. ಆದರೆ ನಾವು ಹೊರಗೆ ಬಿಡುವುದು ಒಂದೋ ಎರಡೋ ಲೀಟರ್. ಉಳಿದದ್ದೆಲ್ಲ ವಾಪಸು ರಕ್ತಕ್ಕೆ ಹೋಗುತ್ತದೆ.

ಮನೆ ಗುಡಿಸುವಾಗ ಕಸವನ್ನು ಮಾತ್ರ ಹೆಕ್ಕಿ ಬಿಸಾಡುತ್ತೇವೆ. ಕಿಡ್ನಿ ಹಾಗಲ್ಲ. ಅದು ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಸುರಿದು, ಬೇಕಾದದ್ದನ್ನು ಮಾತ್ರ ಮತ್ತೆ ಒಳಗೆ ಒಯ್ಯುತ್ತದೆ. ಉಪ್ಪು, ಸಕ್ಕರೆ, ನೀರು ಎಲ್ಲವೂ ಹಾಗೆ ಒಳಗೆ ಹೋಗುವ ಸಾಮಾನು. ಒಂದೊಂದು ಕಿಡ್ನಿಯಲ್ಲಿ ಇಂಥ ಸೋಸುವ ನಳಿಗೆಗಳು ಹತ್ತಿರ ಹತ್ತಿರ ಹತ್ತು ಲಕ್ಷ. ಅವಕ್ಕೆ ನೆಫ್ರಾನ್ ಅನ್ನುತ್ತಾರೆ.

ಎಷ್ಟು ನೀರು ಒಳಗೆ ಒಯ್ಯಬೇಕು ಅಂತ ಹೇಳುವುದು ಮಿದುಳು. ರಕ್ತ ಒಂದಿಷ್ಟು ಗಟ್ಟಿಯಾದರೆ ಸಾಕು, ನೂರಕ್ಕೆ ಒಂದೆರಡು ಪಾಲು, ಮಿದುಳಿನ ಬುಡದಿಂದ ವ್ಯಾಸೊಪ್ರೆಸಿನ್ ಅನ್ನುವ ಹಾರ್ಮೋನು ಇಳಿಯುತ್ತದೆ. ಅದು ಕಿಡ್ನಿಗೆ ಬರುವ ಚೀಟಿ. 'ನೀರು ಬಿಡಬೇಡ' ಅಂತ ಬರೆದಿರುತ್ತದೆ. ಆಗ ನಳಿಗೆಯ ಗೋಡೆಯಲ್ಲಿ ನೀರಿಗೆ ಮಾತ್ರ ದಾರಿ ಬಿಡುವ ಸಣ್ಣ ಬಾಗಿಲುಗಳು ಬಂದು ಕೂರುತ್ತವೆ. ಇಂಥ ಬಾಗಿಲು ಇದೆ ಅಂತ ತೋರಿಸಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು. ಬಾಗಿಲು ತೆರೆದರೆ ನೀರು ಮೈಗೆ ವಾಪಸು, ಮೂತ್ರ ಗಟ್ಟಿ. ಚೀಟಿ ಬರದಿದ್ದರೆ ಬಾಗಿಲು ಮುಚ್ಚಿ, ಮೂತ್ರ ತಿಳಿ.

ರಾತ್ರಿ ಆರೇಳು ಗಂಟೆ ನಾವು ನೀರು ಕುಡಿಯುವುದಿಲ್ಲ. ಚೀಟಿ ಬರುತ್ತಲೇ ಇರುತ್ತದೆ. ಹಾಗಾಗಿ ಬೆಳಗಿನ ಮೊದಲ ಮೂತ್ರ ಇಡೀ ದಿನದಲ್ಲೇ ಗಟ್ಟಿ. ಮೈಯೊಳಗಿನ ಸುದ್ದಿ ಅದರಲ್ಲಿ ದಪ್ಪ ಅಕ್ಷರದಲ್ಲಿ ಇರುತ್ತದೆ. ಎರಡು ಬಾಟಲಿ ನೀರು ಕುಡಿದರೆ ಅದೇ ಅಕ್ಷರಕ್ಕೆ ನೀರೆರಚಿದ ಹಾಗೆ.

ಕಾರ್ಡ್ ಟೆಸ್ಟ್: ಯಾವಾಗ, ಹೇಗೆ

ಅಂಡಾಣು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ವೀರ್ಯಾಣು ಸೇರಿದ ಮೇಲೆ ಆ ಪುಟ್ಟ ಉಂಡೆ ಗರ್ಭನಾಳದಲ್ಲಿ ನಿಧಾನಕ್ಕೆ ಸಾಗಿ, ಆರರಿಂದ ಹತ್ತು ದಿನದಲ್ಲಿ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ. ಅಂಟಿದ ಮೇಲಷ್ಟೇ ಎಚ್‌ಸಿಜಿ ಅನ್ನುವ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ಕಿಡ್ನಿಯ ಜರಡಿ ದಾಟಿ ಮೂತ್ರಕ್ಕೆ. ಮೊದಮೊದಲು ಅದು ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಕಾರ್ಡ್ ಹುಡುಕುವುದು ಇದನ್ನೇ. ಆದ್ದರಿಂದ ಮುಟ್ಟಿನ ದಿನಕ್ಕೆ ಮೊದಲೇ ಕಾರ್ಡ್ ಹಾಕಿ ಅಳಬೇಡಿ. ಮುಟ್ಟಿನ ದಿನ ದಾಟಲಿ. ವಾರ ದಾಟಿದರೆ ಇನ್ನೂ ಖಚಿತ.

ಕಾರ್ಡ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿ, ಅವರ ಹತ್ತಿರ ಸರ್ಕಾರದ ನಿಶ್ಚಯ್ ಕಿಟ್ ಇರುತ್ತದೆ. ದುಡ್ಡು ಕೊಡಬೇಕಿಲ್ಲ.

1. ಹಿಂದಿನ ರಾತ್ರಿ ಕಾರ್ಡಿನ ಕವರಿನ ಮೇಲಿನ ಎಕ್ಸ್‌ಪೈರಿ ದಿನಾಂಕ ನೋಡಿ. ಕವರು ಒಡೆಯಬೇಡಿ. ಒಡೆದಿಟ್ಟರೆ ಗಾಳಿಯ ತೇವ ಕುಡಿದು ಹಾಳಾಗುತ್ತದೆ.

2. ಬೆಳಗ್ಗೆ ಎದ್ದ ಕೂಡಲೇ, ಕಾಫಿಗೂ ಮೊದಲು, ಒಣಗಿದ ಸ್ವಚ್ಛ ಕಪ್ಪಿನಲ್ಲಿ ಮೂತ್ರ ಹಿಡಿಯಿರಿ. ಸೋಪಿನ ನೊರೆ ಉಳಿದ ಲೋಟ ಬೇಡ.

3. ಕಾರ್ಡನ್ನು ಸಮತಟ್ಟಾದ ಜಾಗದಲ್ಲಿ ಇಟ್ಟು, ಡ್ರಾಪರಿನಿಂದ ಗುಂಡಿಯೊಳಗೆ ಮೂರು ಹನಿ ಬಿಡಿ. ಕೆಲವು ಕಂಪನಿಯದ್ದಕ್ಕೆ ಎರಡು ಹನಿ. ಕವರಿನ ಮೇಲೆ ಬರೆದಿರುತ್ತದೆ.

4. ಐದು ನಿಮಿಷ ಕಾಯಿರಿ. ಆಗ ಓದಿ.

'ಸಿ' ಹತ್ತಿರ ಗೆರೆ ಬರಲೇಬೇಕು. ಅದು ಬರದಿದ್ದರೆ ಕಾರ್ಡೇ ಕೆಟ್ಟಿದೆ, ಹೊಸದು ತನ್ನಿ. 'ಸಿ' ಮತ್ತು 'ಟಿ' ಎರಡರಲ್ಲೂ ಬಂದರೆ ಬಸಿರು. 'ಟಿ' ಗೆರೆ ಮಸುಕಾಗಿದ್ದರೂ, ಹೇಳಿದ ಹೊತ್ತಿನೊಳಗೆ ಬಣ್ಣದಲ್ಲಿ ಬಂದಿದ್ದರೆ ಅದನ್ನು ಹೌದು ಅಂತಲೇ ಹಿಡಿದು, ಎರಡು ದಿನ ಬಿಟ್ಟು ಮತ್ತೆ ನೋಡಿ. ಆದರೆ ಕಾರ್ಡನ್ನು ಕಿಟಕಿಯ ಮೇಲಿಟ್ಟು, ತಿಂಡಿ ಮಾಡಿ, ಮಧ್ಯಾಹ್ನ ಬಂದು ನೋಡಿದಾಗ ಕಾಣುವ ಬೂದು ಗೆರೆ ಲೆಕ್ಕಕ್ಕಿಲ್ಲ. ಅದು ಮೂತ್ರ ಒಣಗಿದ ಗುರುತು.

ನೆಗೆಟಿವ್ ಬಂತು, ಮುಟ್ಟೂ ಬರಲಿಲ್ಲ ಅಂದರೆ ಮೂರು ದಿನಕ್ಕೆ ಒಮ್ಮೆ, ವಾರಕ್ಕೆ ಇನ್ನೊಮ್ಮೆ ಮಾಡಿ. ಆಮೇಲೂ ಇಲ್ಲ ಅಂದರೆ ಡಾಕ್ಟರು. ಮುಟ್ಟು ಮೊದಲಿನಿಂದಲೂ ಹಿಂದೆ ಮುಂದೆ ಆಗುವವರಿಗೆ ದಿನದ ಲೆಕ್ಕವೇ ಸಿಗುವುದಿಲ್ಲ, ಅವರು ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಬೇಕು. ಮಕ್ಕಳಾಗಲು ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದು ಎಚ್‌ಸಿಜಿ ಇಂಜೆಕ್ಷನ್ನೇ ಚುಚ್ಚಿಸಿಕೊಂಡಿದ್ದರೆ, ಆ ಔಷಧಿಯೇ ಕಾರ್ಡಿನಲ್ಲಿ ಗೆರೆ ತರಬಹುದು. ಅಂಥವರು ಡಾಕ್ಟರು ಹೇಳಿದ ದಿನವೇ ಮಾಡಿ.

ಒಂದು ಎಚ್ಚರಿಕೆ. ಕಾರ್ಡ್ ಪಾಸಿಟಿವ್ ಬಂದು, ಕಿಬ್ಬೊಟ್ಟೆಯಲ್ಲಿ ಒಂದು ಕಡೆ ಜೋರು ನೋವು, ರಕ್ತದ ಕಲೆ, ತಲೆಸುತ್ತು, ಇಲ್ಲವೇ ಹೆಗಲಿನ ತುದಿಯಲ್ಲಿ ನೋವು ಬಂದರೆ ಮನೆಯಲ್ಲಿ ಕೂರಬೇಡಿ. ಬಸಿರು ಗರ್ಭನಾಳದಲ್ಲೇ ನಿಂತಿರಬಹುದು. ನಾಳ ಒಡೆದರೆ ಒಳಗೇ ರಕ್ತ ಹೋಗುತ್ತದೆ. ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ. ಬಸಿರು ಬೇಡ ಅನ್ನಿಸಿದವರೂ ಅಷ್ಟೇ, ಮೆಡಿಕಲ್ ಶಾಪಿನವರ ಕೈಲಿ ಮಾತ್ರೆ ಇಸಿದುಕೊಂಡು ನುಂಗಬೇಡಿ. ಗರ್ಭಪಾತಕ್ಕೆ ನಮ್ಮಲ್ಲಿ 1971ರಿಂದಲೇ ಕಾನೂನಿದೆ, ಡಾಕ್ಟರ ಹತ್ತಿರ ಕೇಳಲು ನಾಚಿಕೆ ಬೇಡ.

ಇನ್ನು ಯೂಟ್ಯೂಬಿನ ಸಕ್ಕರೆ ಟೆಸ್ಟ್, ಪೇಸ್ಟ್ ಟೆಸ್ಟ್. ಮೂತ್ರಕ್ಕೆ ಟೂತ್‌ಪೇಸ್ಟ್ ಹಾಕಿ ನೊರೆ ಬಂದರೆ ಬಸಿರಂತೆ. ಮೂತ್ರ ಸ್ವಲ್ಪ ಹುಳಿ, ಪೇಸ್ಟಿನಲ್ಲಿ ಸುಣ್ಣದ ಅಂಶ, ನೊರೆ ಬರದೆ ಇನ್ನೇನು ಬರುತ್ತದೆ? ಗಂಡನ ಮೂತ್ರಕ್ಕೆ ಹಾಕಿದರೂ ಬರಬಹುದು. ಅಡುಗೆ ಸೋಡಾ ಹಾಕಿ ಗಂಡೋ ಹೆಣ್ಣೋ ನೋಡುವುದೂ ಇದೇ ಜಾತಿಯದು. ಕೂಸು ಗಂಡೋ ಹೆಣ್ಣೋ ಅನ್ನುವ ಸುದ್ದಿ ಮೂತ್ರದ ನೊರೆಯಲ್ಲಿ ಇಲ್ಲ. ಸ್ಕ್ಯಾನಿಂಗಿನವರನ್ನು ಕೇಳುವುದಂತೂ ಅಪರಾಧ. ಹಾಗೆ ನೋಡಿದರೆ ಮನುಷ್ಯರು ಮೂತ್ರದಲ್ಲಿ ಬಸಿರು ಹುಡುಕುವುದು ಈವತ್ತಿನ ಹುಚ್ಚಲ್ಲ. ಹಳೇ ಈಜಿಪ್ಟಿನಲ್ಲಿ ಗೋಧಿ, ಬಾರ್ಲಿ ಕಾಳಿನ ಮೇಲೆ ಹೊಯ್ಯಿಸಿ ಮೊಳಕೆ ನೋಡುತ್ತಿದ್ದರು. ಕಳೆದ ಶತಮಾನದಲ್ಲಿ ಇಲಿಗೂ ಕಪ್ಪೆಗೂ ಚುಚ್ಚಿ ನೋಡಿದರು. 1967ರಲ್ಲಿ ಅಮೆರಿಕದ ಒಂದು ಔಷಧಿ ಕಂಪನಿಯಲ್ಲಿ ಚಿತ್ರ ವಿನ್ಯಾಸದ ಕೆಲಸಕ್ಕಿದ್ದ ಮಾರ್ಗರೆಟ್ ಕ್ರೇನ್ ಲ್ಯಾಬಿನಲ್ಲಿ ಸಾಲಾಗಿ ನಿಂತ ಟ್ಯೂಬುಗಳನ್ನು ನೋಡಿ, ಇದನ್ನು ಹೆಂಗಸರು ಮನೆಯಲ್ಲೇ ಯಾಕೆ ಮಾಡಬಾರದು ಅಂದುಕೊಂಡರು. ಇವತ್ತಿನ ಕಾರ್ಡಿನ ಮೊದಲ ಅಜ್ಜಿ ಅವರ ಆ ಪೆಟ್ಟಿಗೆ.

ತಾಯಿ ಕಾರ್ಡ್ ಮಾಡಿಸಿದ ಮೇಲೆ: ಬಾಟಲಿ ತರುವ ಬಗೆ

ಪಾಸಿಟಿವ್ ಅಂತಾದ ಮೇಲೆ ಮೊದಲ ಮೂರು ತಿಂಗಳೊಳಗೆ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಹೋದಾಗಲೆಲ್ಲ ತೂಕ, ಬಿಪಿ, ಮೂತ್ರ. ಈ ಮೂರನ್ನು ಬಿಡದೆ ಮಾಡಿಸಿ.

ಮೂತ್ರ ತರುವುದರಲ್ಲೇ ಅರ್ಧ ತಪ್ಪು ಆಗುವುದು. ಮನೆಯಲ್ಲಿ ಖಾಲಿಯಾದ ಜಾಮ್ ಬಾಟಲಿ, ಜೇನಿನ ಸೀಸೆ, ಟಾನಿಕ್ ಶೀಷೆ, ಹೀಗೆ ಏನು ಸಿಕ್ಕಿತೋ ಅದರಲ್ಲಿ ತರುತ್ತಾರೆ. ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ಕು, ಅದನ್ನು ಬ್ಯಾಗಿನ ಅಡಿಯಲ್ಲಿ, ಸೀರೆಯ ಕೆಳಗೆ. ಒಮ್ಮೆ ಒಬ್ಬರ ಸ್ಟ್ರಿಪ್ಪಿನಲ್ಲಿ, ಅಂದರೆ ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಪಟ್ಟಿಯಲ್ಲಿ, ಸಕ್ಕರೆ ಕಡು ಬಣ್ಣಕ್ಕೆ ತಿರುಗಿತು. ಗಾಬರಿಯಾಗಿ ರಕ್ತ ಪರೀಕ್ಷೆ ಮಾಡಿದರೆ ಸಕ್ಕರೆ ಸರಿಯಾಗಿತ್ತು. ಬಾಟಲಿಯ ಮುಚ್ಚಳ ತಿರುಗಿಸಿ ನೋಡಿದೆ. ಅಂಚಿನ ಸುರುಳಿಯಲ್ಲಿ ಜೇನು ಇನ್ನೂ ಅಂಟಂಟಾಗಿತ್ತು. ತಪ್ಪು ನಂದೂ ಹೌದು, ಬಾಟಲಿ ಮೊದಲೇ ನೋಡಬೇಕಿತ್ತು.

ಲ್ಯಾಬಿನಲ್ಲೇ ಬಾಟಲಿ ಕೇಳಿ. ನೀರಿನಿಂದ ತೊಳೆದುಕೊಂಡು, ಮೊದಲ ಸ್ವಲ್ಪ ಹೊರಗೆ ಬಿಟ್ಟು, ನಡುವಿನದ್ದನ್ನು ಹಿಡಿಯಿರಿ. ಬಿಳಿ ಸೆರಗು ಇರುವಾಗ ಇದು ಇನ್ನೂ ಮುಖ್ಯ. ಅದು ಬೆರೆತರೆ ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನು ಇಲ್ಲದಿದ್ದರೂ ಇದೆ ಅಂತ ತೋರಿಸುತ್ತದೆ. ಹಿಡಿದ ಒಂದು ಗಂಟೆಯೊಳಗೆ ಕೊಡಿ. ಬಿಸಿಲಿನಲ್ಲಿ ಬಸ್ಸಿನ ಕಿಟಕಿ ಹತ್ತಿರ ಎರಡು ಗಂಟೆ ಕೂತು ಬಂದ ಮೂತ್ರದಲ್ಲಿ ಕ್ರಿಮಿಗಳದ್ದೇ ಜಾತ್ರೆ.

ರಿಪೋರ್ಟಿನ ಸಾಲುಗಳನ್ನು ಓದಿ

ಬಸಿರಿನಲ್ಲಿ ಮೈಯ ನೀರಿನ ಲೆಕ್ಕವೇ ಬದಲಾಗುತ್ತದೆ. ರಕ್ತದ ನೀರಿನ ಭಾಗ ನೂರಕ್ಕೆ ನಲವತ್ತರಿಂದ ಐವತ್ತು ಪಾಲು ಏರುತ್ತದೆ. ಕೆಂಪು ಕಣಗಳೂ ಏರುತ್ತವೆ, ಆದರೆ ಅಷ್ಟಲ್ಲ. ಸಾರಿಗೆ ಬೇಳೆ ಸ್ವಲ್ಪ ಹಾಕಿ ನೀರು ಜಾಸ್ತಿ ಸುರಿದ ಹಾಗೆ. ಹೀಗಾಗಿ ಹಿಮೋಗ್ಲೋಬಿನ್ ಒಂದಿಷ್ಟು ಇಳಿದು ಕಾಣುವುದು ಸಹಜ. ಸಹಜ ಅಂತ ಸುಮ್ನೆ ಬಿಡುವ ಹಾಗೂ ಇಲ್ಲ, 11 ಗ್ರಾಂಗಿಂತ ಕೆಳಗೆ ಹೋದರೆ ಅದು ರಕ್ತಹೀನತೆಯೇ.

ಕಿಡ್ನಿಯೂ ಮೊದಲ ಮೂರು ತಿಂಗಳಲ್ಲೇ ಗೇರ್ ಬದಲಿಸುತ್ತದೆ. ಸೋಸುವ ವೇಗ ಒಂದೂವರೆ ಪಟ್ಟಿನ ಹತ್ತಿರ ಹೋಗುತ್ತದೆ. ಇದರಿಂದ ಒಂದು ತಮಾಷೆ. ಕ್ರಿಯಾಟಿನಿನ್ ಅನ್ನುವ ಕಸ ಬೇಗ ಬೇಗ ಹೊರಗೆ ಹೋಗುವುದರಿಂದ ರಕ್ತದಲ್ಲಿ ಅದರ ಅಂಕಿ ಇಳಿಯಬೇಕು. ಬೇರೆಯವರಿಗೆ 1.0 ಬಂದರೆ ಸರಿ. ಬಸುರಿಗೆ ಅದೇ 1.0 ಬಂದರೆ ಡಾಕ್ಟರು ಹುಬ್ಬೇರಿಸುತ್ತಾರೆ. ರಿಪೋರ್ಟಿನ ಪಕ್ಕದಲ್ಲಿ ಅಚ್ಚಾದ 'ನಾರ್ಮಲ್' ಅಂಕಿ ಎಲ್ಲರಿಗೂ ಹಾಕಿದ್ದು, ಬಸುರಿಗೆ ಅಂತ ಹಾಕಿದ್ದಲ್ಲ. ಇದನ್ನು ನೆನಪಿಡಿ.

ಆಲ್ಬುಮಿನ್ ಸಾಲು ಎಲ್ಲಕ್ಕಿಂತ ಮುಖ್ಯ. ಆಲ್ಬುಮಿನ್ ದೊಡ್ಡ ಪ್ರೋಟೀನು. ಎಚ್‌ಸಿಜಿ ದಾಟುವ ಜರಡಿಯ ಕಣ್ಣಿನಲ್ಲಿ ಇದು ದಾಟಬಾರದು. ದಾಟಿ ಬರುತ್ತಿದೆ ಅಂದರೆ ಜರಡಿಗೆ ಏಟು ಬಿದ್ದಿದೆ. ಬಸಿರಿನ 20 ವಾರ ದಾಟಿದ ಮೇಲೆ ಬಿಪಿ 140/90 ಮುಟ್ಟಿ, ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಕಂಡರೆ ಅದು ಪ್ರೀ-ಎಕ್ಲಾಂಪ್ಸಿಯಾ ಇರಬಹುದು. ನಮ್ಮ ಕಡೆ 'ಬಸುರಿ ಬಿಪಿ', 'ನಂಜು' ಅನ್ನುವುದರಲ್ಲಿ ಇದೂ ಸೇರಿಕೊಂಡಿರುತ್ತದೆ. ಬಿಟ್ಟರೆ ಫಿಟ್ಸ್ ಬರುತ್ತದೆ, ತಾಯಿ ಕೂಸು ಇಬ್ಬರಿಗೂ ಅಪಾಯ. ಸಂಜೆ ಹೊತ್ತಿಗೆ ಕಾಲು ಊದುವುದು ಎಷ್ಟೋ ಜನಕ್ಕೆ ಇರುತ್ತದೆ, ಕಾಲು ಎತ್ತಿಟ್ಟು ಮಲಗಿದರೆ ಇಳಿಯುತ್ತದೆ. ಬೆಳಗ್ಗೆ ಎದ್ದಾಗಲೇ ಮುಖ ಊದಿದ್ದರೆ, ಬಳೆ ಉಂಗುರ ಇದ್ದಕ್ಕಿದ್ದ ಹಾಗೆ ಬಿಗಿಯಾದರೆ, ತಲೆನೋವು ಮಾತ್ರೆಗೂ ಬಗ್ಗದಿದ್ದರೆ, ಕಣ್ಣು ಮಂಜಾದರೆ, ಎದೆಯ ಕೆಳಗೆ ಬಲಗಡೆ ನೋವಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. 'ಮುಂದಿನ ಒಂಬತ್ತನೇ ತಾರೀಕಿಗೆ ಹೇಗೂ ಹೋಗ್ತೀವಲ್ಲ' ಅನ್ನಬೇಡಿ.

ಸಕ್ಕರೆ ಸಾಲಿನಲ್ಲಿ 'ಟ್ರೇಸ್' ಅಂತ ಬಂದರೆ ಗಾಬರಿ ಬೇಡ. ಸೋಸುವ ವೇಗ ಜಾಸ್ತಿಯಾದಾಗ ಒಳಗೆ ಒಯ್ಯುವ ಕೈಗಳು ಸಾಲದೆ ಸ್ವಲ್ಪ ಸಕ್ಕರೆ ಚೆಲ್ಲುವುದುಂಟು. ಬಸುರಿಯ ಸಕ್ಕರೆ ಕಾಯಿಲೆ ಹಿಡಿಯುವುದು ಮೂತ್ರದಿಂದ ಅಲ್ಲ. 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆಗೆ ರಕ್ತ ನೋಡುತ್ತಾರಲ್ಲ, ಅದರಿಂದ. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇದೆ ಅಂತ ಲೆಕ್ಕ.

ಕೀವಿನ ಕಣಗಳು, ಅಂದರೆ ಪಸ್ ಸೆಲ್ಸ್, ಜಾಸ್ತಿ ಇದ್ದರೆ ಮೂತ್ರದ ಸೋಂಕಿರಬಹುದು. ಬಸಿರಿನಲ್ಲಿ ಕಿಡ್ನಿಯಿಂದ ಇಳಿಯುವ ನಾಳಗಳು ಸಡಿಲವಾಗಿ ಅಗಲವಾಗುತ್ತವೆ, ಬಲಗಡೆಯದ್ದು ಇನ್ನಷ್ಟು. ಹರಿವು ನಿಧಾನ, ನಿಂತ ನೀರಿನಲ್ಲಿ ಕ್ರಿಮಿ ಹುಟ್ಟಿದ ಹಾಗೆ. ಉರಿಮೂತ್ರ ಇಲ್ಲದೆಯೂ ಸೋಂಕು ಇರುತ್ತದೆ, ಅದಕ್ಕೂ ಡಾಕ್ಟರು ಮಾತ್ರೆ ಕೊಡುತ್ತಾರೆ. ಬಾರ್ಲಿ ನೀರು ಕುಡಿದರೆ ಹೋಗುತ್ತೆ ಅಂತ ಕೊಟ್ಟ ಮಾತ್ರೆ ಬಿಡಬೇಡಿ. ಎರಡೂ ತೆಗೆದುಕೊಳ್ಳಿ, ಜಗಳವೇನಿಲ್ಲ.

ದಿನಕ್ಕೆ ಎಷ್ಟು ನೀರು?

ಎರಡರಿಂದ ಮೂರು ಲೀಟರ್. ಮಜ್ಜಿಗೆ, ಗಂಜಿ, ಸಾರು, ಎಳನೀರು ಎಲ್ಲ ಇದರೊಳಗೇ ಸೇರಿತು. ಏಪ್ರಿಲ್ಲಿನಲ್ಲಿ ರಾಯಚೂರಿನ ಬಿಸಿಲಿಗೆ ಇದು ಸಾಲದು, ಆಗಸ್ಟಿನಲ್ಲಿ ಮಡಿಕೇರಿಯ ಮಳೆಗೆ ಇಷ್ಟು ಬೇಡವೂ ಅನ್ನಿಸಬಹುದು. ಹೃದಯದ, ಕಿಡ್ನಿಯ ಕಾಯಿಲೆ ಮೊದಲೇ ಇದ್ದವರು ಡಾಕ್ಟರು ಹೇಳಿದಷ್ಟೇ ಕುಡಿಯಬೇಕು.

ಲೋಟ ಎಣಿಸುವುದಕ್ಕಿಂತ ಬಣ್ಣ ನೋಡುವುದು ಸುಲಭ. ನಿಂಬೆ ಷರಬತ್ತಿನಂಥ ತಿಳಿ ಹಳದಿ ಇದ್ದರೆ ಸಾಕಷ್ಟು ನೀರಿದೆ. ಅರಿಶಿನ ನೀರಿನ ಹಾಗೆ ದಟ್ಟವಾಗಿ, ಮಧ್ಯಾಹ್ನದ ಹೊತ್ತಿಗೂ ಹಾಗೇ ಇದ್ದರೆ ಕಿಡ್ನಿ ನೀರು ಕೇಳುತ್ತಿದೆ. ಬೆಳಗಿನದ್ದು ದಟ್ಟ ಇರಲೇಬೇಕು, ಅದನ್ನು ನೋಡಿ ಹೆದರಬೇಡಿ. ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಕಣ್ಣು ಕುಕ್ಕುವ ಹಳದಿ ಬರುತ್ತದೆ, ಅದೂ ಲೆಕ್ಕಕ್ಕಿಲ್ಲ.

ಬಸಿರಿನಲ್ಲಿ ಬಾಯಾರಿಕೆಯ ಮಟ್ಟವೇ ಕೆಳಗಿಳಿಯುತ್ತದೆ. ರಕ್ತ ಮೊದಲಿಗಿಂತ ತೆಳ್ಳಗಿರುವಾಗಲೇ ಮಿದುಳು ನೀರು ಕೇಳುತ್ತದೆ. ಹೀಗಾಗಿ 'ಯಾಕೋ ಜಾಸ್ತಿ ಬಾಯಾರಿಕೆ' ಅನ್ನುವುದು ಹೆಚ್ಚಿನವರಿಗೆ ಸಹಜ. ಅದಕ್ಕೆ ತಕ್ಕಂತೆ ಕುಡಿದರಾಯಿತು. ಆದರೆ ನಮ್ಮ ಹೆಣ್ಣುಮಕ್ಕಳು ಕುಡಿಯುವುದಿಲ್ಲ. ಯಾಕೆ ಗೊತ್ತಲ್ಲ? ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೆ ಹೆದರಿ. ಗಾರ್ಮೆಂಟ್ಸ್‌ಗೆ ಹೋಗುವವರು, ಹೊಲಕ್ಕೆ ಹೋಗುವವರು, ಶಾಲೆಯ ಟೀಚರುಗಳು, ಬೆಳಗ್ಗೆಯಿಂದ ಸಂಜೆವರೆಗೆ ಬಾಯಿ ಒಣಗಿಸಿಕೊಂಡೇ ಇರುತ್ತಾರೆ. ಇದಕ್ಕೆ ನನ್ನ ಹತ್ತಿರ ದೊಡ್ಡ ಉಪಾಯವಿಲ್ಲ. ಮನೆ ಬಿಡುವ ಒಂದೂವರೆ ಗಂಟೆ ಮೊದಲು ಎರಡು ಲೋಟ ಕುಡಿದು, ಹೊರಡುವಾಗ ಒಂದಕ್ಕೆ ಹೋಗಿಯೇ ಹೊರಡಿ. ಉಳಿದದ್ದನ್ನು ಗುಟುಕು ಗುಟುಕಾಗಿ ಕುಡಿಯಿರಿ. ಕಟ್ಟಿಕೊಂಡು ಮಾತ್ರ ಕೂರಬೇಡಿ.

ಮೊದಲ ತಿಂಗಳುಗಳ ವಾಂತಿಯಲ್ಲಿ ಹೋಗುವುದು ಬರೀ ನೀರಲ್ಲ, ಉಪ್ಪೂ ಹೋಗುತ್ತದೆ. ಬರೀ ನೀರು ಸುರಿದರೆ ಸಾಲದು. ಮೆಡಿಕಲ್ ಶಾಪಿನ ಓಆರ್‌ಎಸ್ ಪುಡಿ ಒಂದು ಲೀಟರಿಗೆ ಒಂದು ಪ್ಯಾಕೆಟ್. ಕವರಿನ ಮೇಲೆ ಎಷ್ಟು ನೀರು ಅಂತ ಓದಿಕೊಳ್ಳಿ, 200 ಮಿಲಿಯ ಸಣ್ಣ ಪ್ಯಾಕೆಟ್ಟೂ ಬರುತ್ತದೆ. ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ತಲೆ ಸವರಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಕ್ಕರೆ ರುಚಿಗೆ ಅಲ್ಲ. ಕರುಳಿನ ಗೋಡೆಯಲ್ಲಿ ಉಪ್ಪು ಮತ್ತು ಸಕ್ಕರೆ ಜೋಡಿಯಾಗಿ ಒಳಗೆ ಹೋಗುತ್ತವೆ, ನೀರು ಅವುಗಳ ಹಿಂದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಬಂದಾಗ ಡಾಕ್ಟರ್ ದಿಲೀಪ್ ಮಹಲನಬೀಸ್ ಡ್ರಮ್ಮುಗಳಲ್ಲಿ ಇಂಥ ನೀರು ಕಲಸಿಟ್ಟು ಸಾವಿರಾರು ಜನರನ್ನು ಉಳಿಸಿದರು. ಟೆಟ್ರಾ ಪ್ಯಾಕಿನ ಹಣ್ಣಿನ ರುಚಿಯ ಪಾನೀಯ ಇದಕ್ಕೆ ಸಮ ಅಲ್ಲ, ಅದರಲ್ಲಿ ಸಕ್ಕರೆಯೇ ಜಾಸ್ತಿ. ಒಂದೇ ಸಲಕ್ಕೆ ಲೋಟ ಎತ್ತಬೇಡಿ. ಎರಡು ನಿಮಿಷಕ್ಕೊಂದು ಚಮಚ. ಎಂಟು ಗಂಟೆ ಮೂತ್ರವೇ ಬರದಿದ್ದರೆ, ಒಂದು ದಿನ ಏನೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಡ್ರಿಪ್ ಬೇಕಾಗುತ್ತದೆ.

'ನೀರು ಕಡಿಮೆ ಇದೆ' ಅಂದರೆ

ಏಳೆಂಟನೇ ತಿಂಗಳ ಸ್ಕ್ಯಾನಿಂಗ್ ಮುಗಿಸಿ ಬಂದವರ ಬಾಯಲ್ಲಿ ಈ ಮಾತು. ಗರ್ಭನೀರು ಎಲ್ಲಿಂದ ಬರುತ್ತದೆ ಅಂತ ಕೇಳಿದರೆ, ತಾಯಿ ಕುಡಿದ ನೀರು ನೇರವಾಗಿ ಹೋಗಿ ತುಂಬುತ್ತದೆ ಅಂದುಕೊಂಡವರೇ ಜಾಸ್ತಿ. ಅಲ್ಲ. ನಾಲ್ಕೈದು ತಿಂಗಳು ದಾಟಿದ ಮೇಲೆ ಗರ್ಭನೀರು ಬಹುಪಾಲು ಕೂಸಿನ ಮೂತ್ರ. ಕೂಸು ಅದನ್ನೇ ಕುಡಿಯುತ್ತದೆ, ಅದನ್ನೇ ಹೊಯ್ಯುತ್ತದೆ. ಮುಖ ಸಿಂಡರಿಸಬೇಡಿ. ಕೂಸಿನ ಕಸವನ್ನು ಮಾಸು ತಾಯಿಯ ರಕ್ತಕ್ಕೆ ದಾಟಿಸುತ್ತದೆ, ತಾಯಿಯ ಕಿಡ್ನಿ ಹೊರಗೆ ಹಾಕುತ್ತದೆ. ಕೂಸಿನ ಮೂತ್ರದಲ್ಲಿ ಉಳಿಯುವುದು ಹೆಚ್ಚುಕಡಿಮೆ ನೀರೇ.

ರಿಪೋರ್ಟಿನಲ್ಲಿ ಎಎಫ್‌ಐ ಅಂತ ಒಂದು ಅಂಕಿ ಇರುತ್ತದೆ. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ, ಒಂದೊಂದರಲ್ಲೂ ನೀರಿನ ಆಳ ಸೆಂಟಿಮೀಟರಿನಲ್ಲಿ ಅಳೆದು ಕೂಡಿಸಿದ್ದು. 5ಕ್ಕಿಂತ ಕೆಳಗೆ ಬಂದರೆ ಕಡಿಮೆ, 25 ದಾಟಿದರೆ ಜಾಸ್ತಿ. ಕಡಿಮೆ ಅಂದರೆ ಕಾರಣ ಮೂರು ಕಡೆ ಹುಡುಕಬೇಕು: ನೀರು ಸೋರುತ್ತಿದೆಯಾ, ಮಾಸಿನಿಂದ ಕೂಸಿಗೆ ರಕ್ತ ಸರಿಯಾಗಿ ಹೋಗುತ್ತಿದೆಯಾ, ಕೂಸಿನ ಕಿಡ್ನಿ ಸರಿ ಇದೆಯಾ. ತಾಯಿ ಒಣಗಿದ್ದರೆ ನೀರು ಜಾಸ್ತಿ ಕುಡಿದಾಗ ಅಂಕಿ ಸ್ವಲ್ಪ ಏರುವುದು ನಿಜ. ಎಳನೀರೂ ಒಳ್ಳೆಯದೇ. ಆದರೆ ದಿನಕ್ಕೆ ನಾಲ್ಕು ಎಳನೀರು ಕುಡಿದು ಮರುಸ್ಕ್ಯಾನ್ ತಪ್ಪಿಸಿಕೊಳ್ಳುವ ಮನೆಯವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಾಸಿನ ತೊಂದರೆ ಎಳನೀರಿಗೆ ಹೋಗುವುದಿಲ್ಲ.

ಸೋರುತ್ತಿರುವುದು ಗರ್ಭನೀರೋ ಮೂತ್ರವೋ ಅಂತ ಅನುಮಾನ ಬಂದರೆ ಹೀಗೆ ಮಾಡಿ. ಒಂದಕ್ಕೆ ಹೋಗಿ ಬನ್ನಿ, ಒಣಗಿದ ಪ್ಯಾಡ್ ಇಟ್ಟುಕೊಂಡು ಅರ್ಧ ಗಂಟೆ ಮಲಗಿ, ಎದ್ದು ನಿಲ್ಲಿ. ಎದ್ದ ಕೂಡಲೇ ಮತ್ತೆ ತೊಟ್ಟಿಕ್ಕಿ, ಮೂತ್ರದ ವಾಸನೆ ಇಲ್ಲದೆ ಪ್ಯಾಡ್ ತೊಯ್ದರೆ ಗರ್ಭನೀರೇ ಇರಬಹುದು. ಪ್ಯಾಡನ್ನು ಬಿಸಾಡದೆ ಜೊತೆಗೆ ತನ್ನಿ, ಬಣ್ಣ ನೋಡಬೇಕು. ಹಸಿರು ಇಲ್ಲವೇ ರಕ್ತದ ಬಣ್ಣ ಇದ್ದರೆ, ಕೂಸಿನ ಓಡಾಟ ಕಡಿಮೆಯಾಗಿದ್ದರೆ, ಈ ಪರೀಕ್ಷೆಯನ್ನೂ ಮಾಡುತ್ತಾ ಕೂರಬೇಡಿ, ಹೊರಡಿ.

ಬಾಣಂತಿಗೆ ನೀರು ಕೊಡಿ

ಇದನ್ನು ಬರೆಯುವಾಗ ನನ್ನ ಅಜ್ಜಿಯೇ ಎದುರಿಗೆ ಬಂದು ನಿಲ್ಲುತ್ತಾರೆ. 'ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತೆ, ಮೈಗೆ ನೀರು ಸೇರುತ್ತೆ, ಕೂಸಿಗೆ ಶೀತ.' ದಿನಕ್ಕೆ ಎರಡು ಲೋಟ ಬಿಸಿನೀರು, ಅಷ್ಟೇ. ಎಷ್ಟೋ ಮನೆಯಲ್ಲಿ ಈಗಲೂ ಇದೆ.

ಲೆಕ್ಕ ಹಾಕಿ ನೋಡಿ. ಹೆರಿಗೆಯಾದ ಮೊದಲ ವಾರ ಬಸಿರಿನಲ್ಲಿ ಕೂಡಿಟ್ಟ ನೀರನ್ನು ಮೈ ಹೊರಗೆ ಹಾಕುತ್ತದೆ. ಬೆವರೋ ಬೆವರು, ಮೂತ್ರವೂ ರಾಶಿ. ಆಮೇಲೆ ಹಾಲು ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹೋಗುತ್ತದೆ, ಅದರಲ್ಲಿ ನೂರಕ್ಕೆ ಎಂಬತ್ತೇಳು ಪಾಲು ನೀರು. ಎರಡು ಲೋಟದಲ್ಲಿ ಇದೆಲ್ಲ ಎಲ್ಲಿಂದ ಬರಬೇಕು? ಮಲಬದ್ಧತೆ, ಉರಿಮೂತ್ರ, ತಲೆನೋವು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ, ಎಲ್ಲ ಇಲ್ಲಿಂದಲೇ ಸೇರಿಕೊಳ್ಳುತ್ತವೆ. ಹೊಟ್ಟೆ ದಪ್ಪ ಕಾಣುವುದು ಸ್ನಾಯು ಸಡಿಲವಾದದ್ದಕ್ಕೆ, ನೀರಿಗಲ್ಲ.

ಅಜ್ಜಿಯರ ಜೊತೆ ವಾದ ಮಾಡಿ ಗೆದ್ದವರನ್ನು ನಾನು ನೋಡಿಲ್ಲ. ಅದಕ್ಕೆ ನಾನು ಹೇಳುವುದು, ಜೀರಿಗೆ ಹಾಕಿ ಕುದಿಸಿದ ನೀರನ್ನು ಫ್ಲಾಸ್ಕಿನಲ್ಲಿ ಬಾಣಂತಿಯ ಹತ್ತಿರ ಇಡಿ. ಬಿಸಿ ಇದೆ, ಜೀರಿಗೆ ಇದೆ, ಅಜ್ಜಿಯೂ ಒಪ್ಪುತ್ತಾರೆ. ಪ್ರತಿ ಸಲ ಹಾಲು ಕುಡಿಸಲು ಕೂತಾಗ ಒಂದು ಲೋಟ.

ಕೊನೆಗೆ, ಕೂಸಿನ ಬಟ್ಟೆ ಎಣಿಸಿ

ಹುಟ್ಟಿದ 24 ಗಂಟೆಯೊಳಗೆ ಕೂಸು ಒಮ್ಮೆ ಹೊಯ್ಯಬೇಕು. ಮೊದಲ ದಿನ ಒಂದು ಒದ್ದೆ ಬಟ್ಟೆ, ಎರಡನೇ ದಿನ ಎರಡು, ಮೂರನೇ ದಿನ ಮೂರು. ಐದಾರನೇ ದಿನದಿಂದ ದಿನಕ್ಕೆ ಆರು ಅಥವಾ ಜಾಸ್ತಿ. ಮೊದಲ ಎರಡು ದಿನ ಬಟ್ಟೆಯ ಮೇಲೆ ಇಟ್ಟಿಗೆ ಪುಡಿಯಂಥ ಕೆಂಪು ಕಲೆ ಕಂಡರೆ ರಕ್ತ ಅಂತ ಕಿರುಚಬೇಡಿ, ಗಟ್ಟಿ ಮೂತ್ರದ ಉಪ್ಪಿನ ಹರಳು ಅದು. ನಾಲ್ಕನೇ ದಿನವೂ ಹಾಗೇ ಬಂದರೆ ಹಾಲು ಸಾಲುತ್ತಿಲ್ಲ ಅಂತ ಅರ್ಥ.

ಕೂಸಿನ ಕಿಡ್ನಿ ಇನ್ನೂ ಎಳಸು. ದೊಡ್ಡವರಷ್ಟು ಗಟ್ಟಿ ಮೂತ್ರ ಮಾಡಲು ಅದಕ್ಕೆ ಬರುವುದಿಲ್ಲ, ಜಾಸ್ತಿ ನೀರು ಬಂದರೆ ಬೇಗ ಹೊರಗೆ ಹಾಕಲೂ ಬರುವುದಿಲ್ಲ. ಆರು ತಿಂಗಳವರೆಗೆ ಬರೀ ಎದೆಹಾಲು ಅನ್ನುವುದು ಇದಕ್ಕೂ ಸೇರಿಸಿಯೇ. ಬೇಸಿಗೆಯಲ್ಲೂ ಮೇಲಿನ ನೀರು ಬೇಡ. ಸಕ್ಕರೆ ನೀರು, ಜೇನು ಯಾವುದೂ ಬೇಡ. ಬಾಯಾರಿದರೆ ಇನ್ನೊಂದು ಸಲ ಹಾಲು ಕುಡಿಸಿ.

ಮೊದಲ ಹತ್ತು ದಿನ ಡೈಪರಿಗಿಂತ ಹಳೇ ಪಂಚೆಯ ಬಟ್ಟೆ ಒಳ್ಳೆಯದು. ಡೈಪರು ಎಷ್ಟು ಸಲ ಹೊಯ್ದರೂ ಕುಡಿದು ಸುಮ್ಮನಿರುತ್ತದೆ, ಲೆಕ್ಕ ಸಿಗುವುದಿಲ್ಲ. ತೊಟ್ಟಿಲಿನ ಪಕ್ಕದ ಕ್ಯಾಲೆಂಡರಿನಲ್ಲಿ, ಹಾಲಿನವನ ಲೆಕ್ಕ ಬರೆಯುವ ಹಾಗೆ, ಒದ್ದೆ ಬಟ್ಟೆಗೆ ಒಂದೊಂದು ಗೀಟು ಹಾಕಿ. ಆರನೇ ದಿನ ಸಂಜೆಗೆ ಗೀಟು ನಾಲ್ಕೇ ಇದ್ದು, ಕೂಸು ಹಾಲಿಗೂ ಏಳದೆ ಮಂಕಾಗಿ ಮಲಗಿದ್ದರೆ ಬೆಳಗಾಗಲಿ ಅನ್ನಬೇಡಿ. ಕ್ಯಾಲೆಂಡರಿನ ಆ ಹಾಳೆಯನ್ನು ಹರಿದುಕೊಂಡೇ ಆಸ್ಪತ್ರೆಗೆ ಬನ್ನಿ.